ಮೇಲಿನ ತುದಿ ಮುಟ್ಟದ ನ್ಯೂಟ್ರಾನ್‌ಗಳು

ಹೋದ ವರ್ಷ ನಾನು ಕೊಟ್ಟ ಒಂದು ತಪ್ಪು ಸಂಖ್ಯೆಯಿಂದಾಗಿ, ನಮ್ಮ ಸಂಶೋಧನಾ ಗುಂಪಿಗೆ ಆಗಷ್ಟೇ ಸೇರಿದ್ದ ಹುಡುಗನೊಬ್ಬ ಮೂರು ದಿನ ನಿದ್ದೆಗೆಟ್ಟ. ಅವನು ಹುಡುಕುತ್ತಿದ್ದದ್ದು ತನ್ನ ತಪ್ಪನ್ನು. ತಪ್ಪು ಇದ್ದದ್ದು ನನ್ನ ಲೆಕ್ಕದಲ್ಲಿ. ನ್ಯೂಕ್ಲಿಯರ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿಗೆ ಸೇರಿ ನಾಲ್ಕು ವರ್ಷವಾಯಿತು. ಈ ಕೆಲಸ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಮೂರು ದಿನಗಳು.

ನನ್ನ ವಿಷಯ ಬಳಸಿದ ಇಂಧನ. ರಿಯಾಕ್ಟರಿನಲ್ಲಿ ಕೆಲವು ವರ್ಷ ಉರಿದು ಹೊರಬಂದ ಇಂಧನದ ಕಟ್ಟುಗಳನ್ನು ಆಳವಾದ ನೀರಿನ ಕೊಳದಲ್ಲಿ ಸಾಲಾಗಿ ನಿಲ್ಲಿಸಿಡುತ್ತಾರೆ. ನ್ಯೂಟ್ರಾನ್ ತಾಗಿ ಪರಮಾಣುವಿನ ಬೀಜ ಒಡೆಯುವ ಕ್ರಿಯೆ, ಅಂದರೆ ವಿದಳನ, ನಿಂತ ಮೇಲೂ ಒಳಗಿನ ವಿಕಿರಣಶೀಲ ಪರಮಾಣುಗಳು ಕ್ಷಯಿಸುತ್ತಲೇ ಇರುವುದರಿಂದ ಬಿಸಿ ತಣಿಯುವುದಿಲ್ಲ. ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಕ್ತಿಯ ಶೇ. 6ರಿಂದ 7ರಷ್ಟು ಬಿಸಿ ಇರುತ್ತದೆ, ಒಂದು ದಿನ ಕಳೆದರೂ ಶೇ. 0.5ರ ಆಸುಪಾಸು ಉಳಿದಿರುತ್ತದೆ. ಅದನ್ನು ನೀರು ಹೊತ್ತೊಯ್ಯುತ್ತದೆ. ಆದರೆ ಅದೇ ನೀರು ನ್ಯೂಟ್ರಾನ್‌ಗಳ ವೇಗ ತಗ್ಗಿಸಿ ಹೊಸ ವಿದಳನಕ್ಕೆ ದಾರಿಯನ್ನೂ ಮಾಡಿಕೊಡುತ್ತದೆ. ಆದ್ದರಿಂದ ಕಟ್ಟುಗಳನ್ನು ಎಷ್ಟು ಹತ್ತಿರ ಇಡಬಹುದು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಒಂದು ತಲೆಮಾರಿನ ನ್ಯೂಟ್ರಾನ್‌ಗಳು ಮುಂದಿನ ತಲೆಮಾರಿಗೆ ಎಷ್ಟು ನ್ಯೂಟ್ರಾನ್‌ಗಳನ್ನು ಬಿಟ್ಟುಹೋಗುತ್ತವೆ ಎಂಬ ಅನುಪಾತಕ್ಕೆ ನಾವು 'ಕೆ' ಅನ್ನುತ್ತೇವೆ. ಕೆ 1 ಆದರೆ ಸರಪಳಿ ಕ್ರಿಯೆ ತಾನಾಗಿ ನಡೆಯುತ್ತದೆ. ಕೊಳದಲ್ಲಿ ಎಲ್ಲ ಅನಿಶ್ಚಿತತೆಯನ್ನು ಸೇರಿಸಿಕೊಂಡೂ ಅದು 0.95 ದಾಟಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ.

ನಾನು ಈ ಓದಿಗೆ ಬಂದದ್ದು ಇಂಥ ಲೆಕ್ಕ ಮಾಡಲೆಂದಲ್ಲ. ಹವಾಮಾನ ಬದಲಾವಣೆಯ ಚಿಂತೆ ನನ್ನನ್ನು ಇಲ್ಲಿಗೆ ತಂದಿತು. ಗಣಿಗಾರಿಕೆಯಿಂದ ಸ್ಥಾವರ ಕಳಚುವವರೆಗಿನ ಎಲ್ಲವನ್ನೂ ಲೆಕ್ಕ ಹಿಡಿದರೆ, ಒಂದು ಯೂನಿಟ್ ವಿದ್ಯುತ್ತಿಗೆ ಪರಮಾಣು ಸ್ಥಾವರದಿಂದ ಸುಮಾರು 12 ಗ್ರಾಂ, ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹಸಿರುಮನೆ ಅನಿಲ ಹೊರಬೀಳುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿ ಹೇಳುತ್ತದೆ. ಆ ಎರಡು ಅಂಕಿಗಳನ್ನು ಓದಿದ ರಾತ್ರಿಯೇ ಅರ್ಜಿ ತುಂಬಿದ್ದೆ. ಜೊತೆಯವರು ಬಂದ ದಾರಿಗಳೇ ಬೇರೆ. ಒಬ್ಬಳು 1977ರಲ್ಲಿ ಹೊರಟ ವಾಯೇಜರ್ ಬಾಹ್ಯಾಕಾಶ ನೌಕೆಗಳ ಮೇಲಿನ ಪ್ರೀತಿಯಿಂದ ಬಂದವಳು. ಸೂರ್ಯನ ಬೆಳಕು ಸಾಲದ ದೂರದಲ್ಲಿ ಅವುಗಳಿಗೆ ವಿದ್ಯುತ್ತು ಕೊಡುತ್ತಿರುವುದು ಪ್ಲುಟೋನಿಯಂ-238ರ ಬಿಸಿ, ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 88 ವರ್ಷ. ಇನ್ನೊಬ್ಬ ಅಮ್ಮನ ಹೃದಯದ ಸ್ಕ್ಯಾನ್ ಮಾಡಿಸುವಾಗ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವಿನ ಹೆಸರು ಕೇಳಿ, ಬರೀ ಆರು ಗಂಟೆ ಅರ್ಧಾಯುಷ್ಯದ ಈ ವಸ್ತು ಆಸ್ಪತ್ರೆಗೆ ಹೇಗೆ ತಲುಪುತ್ತದೆ ಎಂದು ಹುಡುಕುತ್ತ ಹುಡುಕುತ್ತ ಇಲ್ಲಿಗೆ ಬಂದ. ಮನೆಮಂದಿ ನಮ್ಮೆಲ್ಲರಿಗೂ ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: ಬಾಂಬಿಗೂ ನಿನ್ನ ಓದಿಗೂ ಏನು ಸಂಬಂಧ? ಆ ಪ್ರಶ್ನೆಗೆ ನಾನು ಯಾವತ್ತೂ ಬೇಸರಪಟ್ಟಿಲ್ಲ. ಈ ವಿದ್ಯೆಯ ಇತಿಹಾಸ ಗೊತ್ತಿರುವವರು ಅದನ್ನು ಕೇಳಲೇಬೇಕು, ನಾವು ಉತ್ತರಿಸಲೂ ಬೇಕು.

ಮೊದಲ ಎರಡು ವರ್ಷ ಕೋರ್ಸುಗಳು, ಅರ್ಹತಾ ಪರೀಕ್ಷೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಎಲ್ಲ ವಿಷಯದ ವಿದ್ಯಾರ್ಥಿಗಳಿಗೂ ಇರುವ ಪಾಡು. ಆದರೆ ತರಬೇತಿ ರಿಯಾಕ್ಟರಿನ ಮುಂದೆ ನಿಂತ ಒಂದು ಮಧ್ಯಾಹ್ನವನ್ನು ಬಿಡಲಾರೆ. ನ್ಯೂಟ್ರಾನ್‌ಗಳನ್ನು ಹೀರುವ ನಿಯಂತ್ರಣ ಸರಳನ್ನು ಸ್ವಲ್ಪಸ್ವಲ್ಪವೇ ಮೇಲೆತ್ತುತ್ತ, ಪ್ರತಿ ಹೆಜ್ಜೆಗೂ ನ್ಯೂಟ್ರಾನ್ ಎಣಿಕೆ ಬರೆದುಕೊಳ್ಳುತ್ತ, ಸರಪಳಿ ಕ್ರಿಯೆ ಎಲ್ಲಿ ತಾನಾಗಿ ನಡೆಯಬಲ್ಲದು ಎಂದು ಗ್ರಾಫಿನಲ್ಲಿ ಗೆರೆ ಎಳೆದು ಊಹಿಸಿದೆವು. ಊಹಿಸಿದ ಜಾಗದ ಹತ್ತಿರದಲ್ಲೇ ಅದು ತಾನಾಗಿ ನಡೆಯತೊಡಗಿತು. ಯುರೇನಿಯಂ-235ರ ವಿದಳನದಲ್ಲಿ ಹುಟ್ಟುವ ನ್ಯೂಟ್ರಾನ್‌ಗಳಲ್ಲಿ ಶೇ. 0.65ರಷ್ಟು ತಡವಾಗಿ, ಸೆಕೆಂಡುಗಳ ಲೆಕ್ಕದಲ್ಲಿ ಹೊರಬರುತ್ತವೆ. ಉಳಿದವೆಲ್ಲ ತಕ್ಷಣದವು. ತಡವಾಗಿ ಬರುವ ಆ ಅಲ್ಪಸಂಖ್ಯೆ ಇಲ್ಲದಿದ್ದರೆ ಮನುಷ್ಯನ ಕೈ ರಿಯಾಕ್ಟರನ್ನು ಹಿಡಿತದಲ್ಲಿಡುವುದು ಸಾಧ್ಯವೇ ಇರಲಿಲ್ಲ. ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಮೀಟರಿನ ಮುಳ್ಳು ನಿಧಾನವಾಗಿ, ಸಮಾಧಾನವಾಗಿ ಏರುವುದನ್ನು ನೋಡಿದಾಗ ಮೈ ಜುಮ್ಮೆಂದಿತು.

ಆಮೇಲಿನದೆಲ್ಲ ಕಂಪ್ಯೂಟರಿನ ಮುಂದೆ. ನಾವು ಬಳಸುವುದು ಮಾಂಟೆ ಕಾರ್ಲೊ ವಿಧಾನ. ಲಕ್ಷಾಂತರ ನ್ಯೂಟ್ರಾನ್‌ಗಳನ್ನು ಒಂದೊಂದಾಗಿ ಹುಟ್ಟಿಸಿ, ಎಲ್ಲಿ ಡಿಕ್ಕಿ ಹೊಡೆಯಿತು, ಎಲ್ಲಿ ಹೀರಿಹೋಯಿತು, ಎಲ್ಲಿ ವಿದಳನ ಮಾಡಿತು ಎಂದು ಸಂಭವನೀಯತೆಯ ಪ್ರಕಾರ ಹಿಂಬಾಲಿಸುವುದು. ಒಂದು ತಲೆಮಾರು ವಿದಳನ ಮಾಡಿದ ಜಾಗಗಳಲ್ಲೇ ಮುಂದಿನ ತಲೆಮಾರು ಹುಟ್ಟುತ್ತದೆ. ಮೊದಲ ತಲೆಮಾರು ಎಲ್ಲಿ ಹುಟ್ಟಬೇಕೆಂದು ನಾವೇ ಊಹಿಸಿ ಕೊಡಬೇಕು. ಆ ಊಹೆಯ ನೆರಳು ಅಳಿಯುವವರೆಗಿನ ತಲೆಮಾರುಗಳನ್ನು ಎಣಿಕೆಗೆ ಹಿಡಿಯದೆ ಬಿಟ್ಟುಬಿಡುತ್ತೇವೆ. ನಾನು ಎಡವಿದ್ದು ಇಲ್ಲೇ.

ಕಟ್ಟಿನಲ್ಲಿ ಇಂಧನ ತುಂಬಿರುವ ಭಾಗ ಸುಮಾರು 3.7 ಮೀಟರ್ ಉದ್ದ. ರಿಯಾಕ್ಟರಿನಲ್ಲಿದ್ದಾಗ ತುದಿಗಳಿಂದ ನ್ಯೂಟ್ರಾನ್‌ಗಳು ಸೋರಿಹೋಗುವುದರಿಂದ ಅಲ್ಲಿ ಇಂಧನ ಕಡಿಮೆ ಉರಿದಿರುತ್ತದೆ. ಅದರಲ್ಲೂ ಮೇಲಿನ ತುದಿಯಲ್ಲಿ ನೀರು ಬಿಸಿಯಾಗಿ ಸಾಂದ್ರತೆ ತಗ್ಗುವುದರಿಂದ ಇನ್ನಷ್ಟು ಕಡಿಮೆ. ಅಂದರೆ ಬಳಸಿದ ಕಟ್ಟಿನಲ್ಲಿ ಕಸುವು ಉಳಿದಿರುವುದು ತುದಿಯಲ್ಲಿ. ನಾನು ಮೊದಲ ತಲೆಮಾರನ್ನು ಹಾಕಿದ್ದು ಕಟ್ಟಿನ ನಡುವೆ. ನೀರಿನಲ್ಲಿ ನ್ಯೂಟ್ರಾನ್ ಹುಟ್ಟಿದಲ್ಲಿಂದ ಸಾಮಾನ್ಯವಾಗಿ ಒಂದು ಗೇಣು ಸರಿಯುವಷ್ಟರಲ್ಲಿ ಅದರ ಬದುಕು ಮುಗಿದಿರುತ್ತದೆ, ಅದೂ ಗೊತ್ತುಗುರಿಯಿಲ್ಲದ ದಿಕ್ಕಿನಲ್ಲಿ. ನಡುವಿನಿಂದ ತುದಿಗೆ ಹರಡಿಕೊಳ್ಳಲು ನೂರಾರು ತಲೆಮಾರು ಬೇಕು. ನಾನು ಎಣಿಕೆಗೆ ಹಿಡಿಯದೆ ಬಿಟ್ಟದ್ದು ಐವತ್ತನ್ನು ಮಾತ್ರ. ಹೀಗಾಗಿ ನನ್ನ ಲೆಕ್ಕ ನೋಡಿದ್ದು ಚೆನ್ನಾಗಿ ಉರಿದುಹೋದ ನಡುಭಾಗವನ್ನು. ಕೆ ಸುರಕ್ಷಿತವಾಗಿ ಕಡಿಮೆ ಬಂತು. ಅನಿಶ್ಚಿತತೆ ನಾಲ್ಕನೇ ದಶಮಾಂಶ ಸ್ಥಾನದಲ್ಲಿ ಮಾತ್ರ ಇತ್ತು. ಅದೇ ನನ್ನನ್ನು ನಂಬಿಸಿತು. ಗುಂಪಿನ ಮೀಟಿಂಗ್‌ನಲ್ಲಿ ತೋರಿಸಿದೆ, ಎಲ್ಲರೂ ತಲೆಯಾಡಿಸಿದರು.

ಹೊಸ ಹುಡುಗ ಅಭ್ಯಾಸಕ್ಕೆಂದು ನನ್ನ ಇನ್‌ಪುಟ್ ಫೈಲನ್ನೇ ತೆಗೆದುಕೊಂಡು, ಆರಂಭದ ನ್ಯೂಟ್ರಾನ್‌ಗಳನ್ನು ಕಟ್ಟಿನ ಉದ್ದಕ್ಕೂ ಹರಡಿ ಓಡಿಸಿದ್ದ. ಎರಡನೇ ದಶಮಾಂಶ ಸ್ಥಾನವೇ ಬದಲಾಗಿತ್ತು. ಮೂರನೇ ದಿನ ಸಂಜೆ ನನ್ನ ಮೇಜಿನ ಹತ್ತಿರ ಬಂದು, "ನನ್ನಲ್ಲೇ ಏನೋ ತಪ್ಪಾಗಿದೆ ಅನ್ಸುತ್ತೆ, ಸ್ವಲ್ಪ ನೋಡ್ತೀರಾ?" ಅಂದ. ಕಣ್ಣು ಕೆಂಪಾಗಿತ್ತು.

ವಿದಳನದ ಹಂಚಿಕೆ ನೆಲೆಗೊಂಡಿದೆಯೇ ಎಂದು ತೋರಿಸಲು ಶಾನನ್ ಎಂಟ್ರೊಪಿ ಎಂಬ ಅಳತೆ ಇದೆ. ನನ್ನ ಫೈಲಿನಲ್ಲಿ ಅದನ್ನು ತೆರೆದು ನೋಡಿದೆವು. ಲೆಕ್ಕ ಮುಗಿಯುವಾಗಲೂ ಗೆರೆ ಸಮತಟ್ಟಾಗದೆ ಇನ್ನೂ ಏರುತ್ತಲೇ ಇತ್ತು. ಫೈಲಿನಲ್ಲಿ ಮೊದಲಿನಿಂದಲೂ ಇದ್ದ ಗೆರೆ ಅದು, ನಾನು ನೋಡಿರಲಿಲ್ಲ.

ಇದು ಹೊಸ ಸಮಸ್ಯೆಯೂ ಅಲ್ಲ. 1971ರಲ್ಲೇ ವೈಟ್‌ಸೈಡ್ಸ್ ಎಂಬ ವಿಜ್ಞಾನಿ ಇದನ್ನು ಎತ್ತಿ ತೋರಿಸಿದ್ದರು. ಉದ್ದ, ಅಗಲ, ಎತ್ತರಕ್ಕೆ ಒಂಬತ್ತೊಂಬತ್ತರಂತೆ 729 ಪ್ಲುಟೋನಿಯಂ ಗೋಳಗಳನ್ನು ದೂರದೂರ ಜೋಡಿಸಿ, ನಟ್ಟನಡುವಿನ ಒಂದನ್ನು ಮಾತ್ರ ತಾನೊಂದೇ ಸರಪಳಿ ಕ್ರಿಯೆ ನಡೆಸಬಲ್ಲಷ್ಟು ದೊಡ್ಡದು ಮಾಡಿದರೆ, ಇಡೀ ಜೋಡಣೆಯ ಕೆ 1ಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ. ಆದರೂ ಅಜಾಗರೂಕವಾಗಿ ಮಾಡಿದ ಲೆಕ್ಕ ಆ ಒಂದು ಗೋಳವನ್ನು ಕಾಣದೇ ಹೋಗಬಹುದು. ಇದನ್ನು ನಾನು ಕೋರ್ಸಿನಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. 1986ರ ಚೆರ್ನೋಬಿಲ್ ದುರಂತದ ನಂತರ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ವರದಿಗಳಲ್ಲಿ 'ಸುರಕ್ಷತಾ ಸಂಸ್ಕೃತಿ' ಎಂಬ ಮಾತು ಬಂದದ್ದನ್ನೂ, ಪ್ರಶ್ನಿಸುವ ಮನೋಭಾವ ಅದರ ತಿರುಳು ಎಂದು 1991ರ ವರದಿ ವಿವರಿಸಿದ್ದನ್ನೂ ಬರೆದಿದ್ದೆ.

ಫೈಲು ಸರಿಪಡಿಸಲು ಅರ್ಧ ದಿನ ಸಾಕಾಯಿತು. ಹೊಸ ಕೆ ಕೂಡ ಮಿತಿಯ ಒಳಗೇ ಇತ್ತು, ಈ ಲೆಕ್ಕ ಯಾವ ಕೊಳಕ್ಕೂ ಹೋಗುವಂಥದ್ದೂ ಆಗಿರಲಿಲ್ಲ. ಆದರೆ ನನಗೆ ನೋವಾದದ್ದು ಬೇರೆ ಕಾರಣಕ್ಕೆ. ತನ್ನ ಉತ್ತರ ಸರಿ ಇದ್ದರೂ ಅವನು ಮೂರು ದಿನ ನನ್ನನ್ನು ಕೇಳಲಿಲ್ಲ. ನಾನು ಸೀನಿಯರ್, ನನ್ನ ಸಂಖ್ಯೆಯ ಮುಂದೆ ಅಷ್ಟು ಸಣ್ಣ ಅನಿಶ್ಚಿತತೆ ಬರೆದಿತ್ತು, ಮೀಟಿಂಗ್‌ನಲ್ಲಿ ಯಾರೂ ತಕರಾರು ಎತ್ತಿರಲಿಲ್ಲ. ಅವನಿಗೆ ಹಾಗೆ ನಂಬಲು ಎಲ್ಲ ಕಾರಣವನ್ನೂ ಕೊಟ್ಟವಳು ನಾನೇ.

ಗೈಡ್ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮುಂದಿನ ಮೀಟಿಂಗ್‌ನ ಪೂರ್ತಿ ಸಮಯವನ್ನು ಇದಕ್ಕೇ ಕೊಟ್ಟರು. ಹಳೆಯ ಸ್ಲೈಡ್ ಮತ್ತೆ ಹಾಕಿ, ಎಲ್ಲಿ ತಪ್ಪಿದೆ ಎಂದು ನಾನು ತೋರಿಸಿದೆ. ಯಾರು ಕಂಡುಹಿಡಿದರು ಎಂದು ಅವನ ಹೆಸರು ಹೇಳಿದೆ. ಧ್ವನಿ ನಡುಗುತ್ತಿತ್ತು. ಅಂದು ಇನ್ನಿಬ್ಬರು ತಮ್ಮ ಹಳೆಯ ಫೈಲುಗಳನ್ನು ತೆರೆದು ನೋಡಿದರು, ಒಬ್ಬರದ್ದರಲ್ಲಿ ಇದೇ ತೊಂದರೆ ಸಿಕ್ಕಿತು.

ಈಗ ನಮ್ಮ ಗುಂಪಿನಲ್ಲಿ ಕೆ ತೋರಿಸುವ ಮೊದಲು ಎಂಟ್ರೊಪಿಯ ಗೆರೆ ತೋರಿಸಬೇಕು. ಒಂದೇ ಲೆಕ್ಕವನ್ನು ನಡುವಿನಿಂದ ಒಮ್ಮೆ, ತುದಿಯಿಂದ ಒಮ್ಮೆ ಆರಂಭಿಸಿ ಎರಡೂ ಒಂದೇ ಕಡೆ ಸೇರುತ್ತವೆಯೇ ಎಂದು ನೋಡಬೇಕು. ಅದೂ ಲೆಕ್ಕ ಮಾಡಿದವರ ಬದಲು ಇನ್ನೊಬ್ಬರು ಓಡಿಸಬೇಕು. ನನ್ನ ಥೀಸಿಸ್‌ನ ನಾಲ್ಕನೇ ಅಧ್ಯಾಯದ ಲೆಕ್ಕಗಳು ನಿನ್ನೆ ರಾತ್ರಿಯಿಂದ ಕಂಪ್ಯೂಟರ್ ಕ್ಲಸ್ಟರಿನ ಸರದಿಯಲ್ಲಿವೆ. ತುದಿಯಿಂದ ಆರಂಭಿಸುವ ಪಾಳಿ ಅವನದ್ದು. ಬೆಳಗ್ಗೆ ಅವನಿಂದ ಸಂದೇಶ ಬಂದಿತ್ತು: "ಏಳನೇ ಕೇಸ್ ಯಾಕೋ ಸೇರ್ತಿಲ್ಲ, ನಿಮ್ಮ ಫೈಲಲ್ಲೇ ಏನೋ ಇದೆ, ಬನ್ನಿ." ಹೊರಟಿದ್ದೇನೆ.