ಕಳಸಾ ಹಳ್ಳದ ಗುಂಟ

ಸವದತ್ತಿ ಸೀಮೆಯ ನಮಗೆ ಮಲಪ್ರಭೆ ಎಂದರೆ ಕಾಲುವೆ. ನವಿಲುತೀರ್ಥ ಅಣೆಕಟ್ಟಿನ ನೀರಿನ ಪಾಳಿ ಯಾವ ರಾತ್ರಿ ಬರುತ್ತದೆ ಎಂದು ಕಾಯುತ್ತಲೇ ಬೆಳೆದವನು ನಾನು. 2015ರಲ್ಲಿ ಅಪ್ಪನೊಂದಿಗೆ ಟ್ರ್ಯಾಕ್ಟರ್ ಏರಿ ನರಗುಂದದ ಧರಣಿಗೆ ಹೋಗಿ, ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಗಂಟಲು ಕಟ್ಟುವವರೆಗೆ ಕೂಗಿದ್ದೆ. ಆ ಕಳಸಾ ಹಳ್ಳವನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ಕಳೆದ ದೀಪಾವಳಿ ಮುಗಿದ ಮೇಲೆ ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಹೋದೆ. ಮಲಪ್ರಭೆ ಹುಟ್ಟುವ ಜಾಗಕ್ಕೆ ಕೈಮುಗಿದು, ಊರಿನ ಹಿರಿಯರೊಬ್ಬರ ಜೊತೆ ಹಳ್ಳದ ದಾರಿ ಹಿಡಿದೆ. ಮಲಪ್ರಭೆ ಇಲ್ಲಿಂದ ಪೂರ್ವಕ್ಕೆ, ಕೂಡಲಸಂಗಮದತ್ತ ಹೊರಡುತ್ತಾಳೆ. ಪಕ್ಕದಲ್ಲೇ ಇರುವ ಕಳಸಾ ಪಶ್ಚಿಮಕ್ಕೆ ತಿರುಗಿ, ಮಹದಾಯಿಯನ್ನು ಸೇರಿ ಗೋವಾಕ್ಕೆ ಇಳಿಯುತ್ತದೆ. ಒಂದೇ ಬೆಟ್ಟದ ಮಳೆ, ಎರಡು ಕಡಲು!

ಕಾಡಿನೊಳಗೆ ಮಧ್ಯಾಹ್ನವೂ ಮಬ್ಬು. ಕಾಲಿಗೆ ಹತ್ತಿದ ಜಿಗಣೆಗಳನ್ನು ಕೀಳುತ್ತಾ ನಿಂತಿದ್ದಾಗ ಹಿರಿಯರು ಮೇಲೆ ಕೈತೋರಿ, “ಶೇಕರು” ಎಂದು ಪಿಸುಗುಟ್ಟಿದರು. ಅವರ ಮನೆಮಾತು ಮರಾಠಿ. ಕೆಂಜಳಿಲು! ಮೈಗಿಂತ ಉದ್ದದ ಬಾಲ ಬೀಸಿ ಮರದಿಂದ ಮರಕ್ಕೆ ಹಾರಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೆಲ. ನಮ್ಮ ಎರೆಹೊಲದಲ್ಲಿ ಜೋರು ಮಳೆ ಬಿದ್ದರೆ ಹೆಚ್ಚಿನ ನೀರು ಅಂದೇ ಹರಿದುಹೋಗುತ್ತದೆ. ಇಲ್ಲಿ ಮಳೆ ನಿಂತು ಎರಡು ವಾರವಾಗಿದ್ದರೂ ತರಗೆಲೆಯ ಅಡಿಯಿಂದ, ಬೇರಿನ ಸಂದಿಗಳಿಂದ ನೀರು ಜಿನುಗುತ್ತಲೇ ಇತ್ತು. 2018ರಲ್ಲಿ ಮಹದಾಯಿ ಜಲವಿವಾದ ನ್ಯಾಯಾಧಿಕರಣ ಮಲಪ್ರಭೆಗೆ ತಿರುಗಿಸಿಕೊಳ್ಳಲು ಕೊಟ್ಟ 3.9 ಟಿಎಂಸಿ ಅಡಿ ನೀರು ನನಗೆ ಪತ್ರಿಕೆಯ ಅಂಕಿಯಾಗಿತ್ತು. ಅದು ಹನಿಹನಿಯಾಗಿ ಕೂಡುವುದನ್ನು ಮಂಡಿಯೂರಿ ನೋಡಿದೆ.

“ನಿಮ್ಮಲ್ಲಿ ಕುಡಿಯಲಿಕ್ಕೂ ನೀರಿಲ್ಲವೇ?” ಎಂದು ಹಿರಿಯರು ಕೇಳಿದರು.

“ಬರಗಾಲದಲ್ಲಿ ಟ್ಯಾಂಕರ್ ಕಾಯುತ್ತೇವೆ, ಕಾಕಾ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮಳೆಗಾಲದಲ್ಲಿ ಒಳಗಿನ ಹಳ್ಳಿಗಳ ರೋಗಿಗಳನ್ನು ಬಿದಿರಿಗೆ ಕಟ್ಟಿ ಹೊತ್ತು ತರುತ್ತಾರೆ. ಹಳ್ಳ ತುಂಬಿದರೆ ಅದೂ ಇಲ್ಲ. ನಿಮಗೆ ನೀರಿಲ್ಲ, ನಮಗೆ ನೀರೇ ಅಡ್ಡ.”

ಧರಣಿಯ ಅಷ್ಟು ದಿನಗಳಲ್ಲಿ ಈ ಹಳ್ಳಿಗಳ ಹೆಸರನ್ನೂ ನಾನು ಕೇಳಿರಲಿಲ್ಲ. ಅದು ಈಗಲೂ ಚುಚ್ಚುತ್ತದೆ. ನಮ್ಮ ಬಾಯಾರಿಕೆ ಸುಳ್ಳಲ್ಲ, ನೀರು ನಮಗೆ ಬೇಕೇ ಬೇಕು. ಆದರೆ ಆ ಬೇರುಗಳನ್ನು ಕಡಿದು ತರುವ ನೀರನ್ನು ಕೇಳಲು ಇನ್ನು ನನ್ನ ಬಾಯಿ ಏಳದು.

ಅಪ್ಪನಿಗೆಂದು ಒಂದು ಬಾಟಲಿ ನೀರು ತಂದಿದ್ದೆ. ಕುಡಿದು, “ಹಳ್ಳ ಎಷ್ಟು ದೊಡ್ಡದು?” ಎಂದ. ನಾನು ತರಗೆಲೆಯಿಂದ ಹೇಳಲು ಶುರುಮಾಡಿದೆ. ಹತ್ತು ಗಂಟೆಗೆ ಪಾಳಿ ಬಂತು. ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯುವಾಗಲೂ ಅಪ್ಪ ಕೇಳುತ್ತಲೇ ಇದ್ದ.