ಬೀದರ್ ಮಿನಾರು ನುಂಗಿದ ಎರಡೂವರೆ ಜಿಬಿ

ಸಿಕ್ಕಿತು! ನನ್ನ ಫೋಟೊ ಪ್ರೋಗ್ರಾಮು ಮೆಮೊರಿ ನುಂಗುತ್ತಿದ್ದುದಕ್ಕೆ ಕಾರಣ, ಹದಿನೇಳು ದಿನ ಹುಡುಕಿದ ಮೇಲೆ ನಿನ್ನೆ ರಾತ್ರಿ ಒಂದೂವರೆಗೆ ಸಿಕ್ಕಿತು. ಆ ಖುಷಿ ಇಳಿಯುವ ಮುಂಚೆ ಬರೆದುಬಿಡುತ್ತೇನೆ.

ಮೆಷೀನು ಅದೇ ಹಳೇ ಲ್ಯಾಪ್‌ಟಾಪ್. 4 ಜಿಬಿ ರ್ಯಾಮ್, ಎರಡು ಕೋರ್, ನಾಲ್ಕು ಥ್ರೆಡ್ (ಒಂದೇ ಹೊತ್ತಿಗೆ ನಾಲ್ಕು ಕೆಲಸದ ಎಳೆ), ಡೆಬಿಯನ್ ಲಿನಕ್ಸ್. ಕಲಬುರಗಿಯ ನಮ್ಮ ಮನೆಯಲ್ಲಿ ಗೋಡೆಯ ಮಾಡದೊಳಗೆ ಕೂತಿದೆ. ಕರೆಂಟ್ ಹೋದರೆ ಅದರದೇ ಬ್ಯಾಟರಿ ಸ್ವಲ್ಪ ಹೊತ್ತು ಕಾಯುತ್ತದೆ. ನಾನು ಸುತ್ತಾಡಿ ತೆಗೆದ ಫೋಟೊಗಳೆಲ್ಲ ಅದರಲ್ಲಿವೆ: ಸನ್ನತಿ, ಮಳಖೇಡ, ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳು. ಹಿನ್ನೆಲೆಯಲ್ಲಿ ನಾನೇ ಪೈಥಾನ್‌ನಲ್ಲಿ ಬರೆದ ಒಂದು ಪ್ರೊಸೆಸ್ ಓಡುತ್ತದೆ. ಹೊಸ ಫೋಟೊ ಬಂತೆಂದರೆ ಪಿಲ್ಲೋ ಲೈಬ್ರರಿಯಿಂದ ಚಿಕ್ಕ ಚಿತ್ರ ಮಾಡಿ ಇಡುವುದಷ್ಟೇ ಅದರ ಕೆಲಸ.

ಅಷ್ಟು ಚಿಕ್ಕ ಕೆಲಸಕ್ಕೆ ಅದು 2.6 ಜಿಬಿ ಹಿಡಿದು ಕೂತಿತ್ತು. ಬೆಳಿಗ್ಗೆ ಶುರುವಾದಾಗ 90 ಎಂಬಿ, ರಾತ್ರಿ ಊಟದ ಹೊತ್ತಿಗೆ 2.6 ಜಿಬಿ. ಇದು ಮೆಮೊರಿ ಬಳಕೆ ತೋರಿಸುವ ಟಾಪ್ ಕಮಾಂಡಿನ ವರ್ಟ್ ಕಾಲಮ್ (ಕಾಯ್ದಿರಿಸಿದ ವಿಳಾಸ) ಲೆಕ್ಕ ಅಲ್ಲ, ರೆಸ್ ಕಾಲಮ್ (ನಿಜಕ್ಕೂ ರ್ಯಾಮಿನಲ್ಲಿ ಇರುವುದು) ಲೆಕ್ಕ. ಡಿಸ್ಕಿನ ಫೈಲುಗಳನ್ನು ಲಿನಕ್ಸ್ ರ್ಯಾಮಿನಲ್ಲಿ ಇಟ್ಟುಕೊಳ್ಳುವ ಪೇಜ್ ಕ್ಯಾಶ್ ಕೂಡ ಅಲ್ಲ. ಪ್ರೊಸೆಸ್ಸಿನ ಮೆಮೊರಿ ಲೆಕ್ಕ ಕೊಡುವ ಸ್ಮ್ಯಾಪ್ಸ್ ರೋಲಪ್ ಫೈಲ್ ತೆಗೆದು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಅನಾನಿಮಸ್, ಪ್ರೈವೇಟ್ ಡರ್ಟಿ. ಅಂದರೆ ನಿಜವಾಗಿಯೂ ಈ ಪ್ರೊಸೆಸ್ಸೇ ಹಿಡಿದುಕೊಂಡ ಮೆಮೊರಿ.

ಇಷ್ಟು ದಿನ ಗೊತ್ತಾಗದಿರಲು ಕಾರಣ, ಹಿನ್ನೆಲೆ ಪ್ರೊಸೆಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ. ರೀಸ್ಟಾರ್ಟ್ ಆಲ್ವೇಸ್ ಅಂತ ಹಾಕಿಟ್ಟಿದ್ದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಓಓಎಂ ಕಿಲ್ಲರ್, ಅಂದರೆ ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಭಾಗ, ಬಂದು ಹೊಡೆದು ಹಾಕುವುದು, ಸಿಸ್ಟಮ್‌ಡಿ ಎಬ್ಬಿಸಿ ಕೂರಿಸುವುದು. ಕರ್ನಲ್ ಲಾಗ್ ನೋಡಿದಾಗ ಒಂದೇ ತಿಂಗಳಲ್ಲಿ 23 ಸಲ ಹೀಗಾಗಿತ್ತು. ಮೆಮೊರಿ ಮ್ಯಾಕ್ಸ್ 600 ಎಂಬಿ ಅಂತ ಕಟ್ಟಿ ಹಾಕಿಯೂ ನೋಡಿದೆ. ಅದು ರೋಗಕ್ಕೆ ಔಷಧ ಅಲ್ಲ. ಸಂಜೆ ಸಾಯುವುದು ಬೆಳಿಗ್ಗೆ ಹತ್ತಕ್ಕೇ ಸಾಯತೊಡಗಿತು, ಅಷ್ಟೇ.

ಈ ನಡುವೆ ರ್ಯಾಮ್ ಹೆಚ್ಚಿಸಿದರೆ ಸ್ವಲ್ಪ ಉಸಿರಾಡಬಹುದು ಅನ್ನಿಸಿ ಆನ್‌ಲೈನ್‌ನಲ್ಲಿ 8 ಜಿಬಿ ಸ್ಟಿಕ್ ತರಿಸಿದೆ. ಡಿಡಿಆರ್3ಎಲ್, ಲ್ಯಾಪ್‌ಟಾಪ್‌ನದು, 204 ಪಿನ್, 1.35 ವೋಲ್ಟ್ ಅಂತ ಎರಡೆರಡು ಸಲ ಬರೆದು ಕೇಳಿದ್ದೆ. ಬಂದದ್ದು ಡೆಸ್ಕ್‌ಟಾಪ್‌ನ 240 ಪಿನ್ ಸ್ಟಿಕ್. ಇಷ್ಟುದ್ದ ಇದೆ! ವಾಪಸ್ ಕಳಿಸಿದರೆ ಬದಲಿಗೆ ಬಂದದ್ದು ಅಳತೆ ಸರಿ, ಆದರೆ 1.5 ವೋಲ್ಟಿನದು. ನನ್ನ ಬೋರ್ಡಿಗೆ ಅದು ಆಗುವುದಿಲ್ಲ. ಮಾರುವವರು ಪೆಟ್ಟಿಗೆ ಮೇಲಿನ ಒಂದು ಸಾಲು ಓದಿದ್ದರೆ ಸಾಕಿತ್ತು. ಹನ್ನೊಂದು ದಿನ ಹೀಗೇ ಹೋಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲು ಸಂಶಯ ಬಂದದ್ದು ನನ್ನ ಕೋಡ್ ಮೇಲೆ. ಎಲ್ಲೋ ಒಂದು ಲಿಸ್ಟಿಗೆ ಚಿತ್ರಗಳನ್ನು ಸೇರಿಸುತ್ತಾ ಹೋಗಿ ಬಿಡುವುದನ್ನು ಮರೆತಿರಬೇಕು ಅಂದುಕೊಂಡೆ. ಪೈಥಾನ್‌ನ ಮೆಮೊರಿ ಲೆಕ್ಕ ಇಡುವ ಟ್ರೇಸ್‌ಮ್ಯಾಲಕ್ ಹಾಕಿದೆ. ಅದು ಹೇಳಿದ್ದು 14 ಎಂಬಿ. ಟಾಪ್ ಹೇಳುವುದು 2.6 ಜಿಬಿ, ಪೈಥಾನ್ ಹೇಳುವುದು 14 ಎಂಬಿ. ಟ್ರೇಸ್‌ಮ್ಯಾಲಕ್ ನೋಡುವುದು ಪೈಥಾನ್‌ನ ಅಲೊಕೇಟರ್ (ಮೆಮೊರಿ ಹಂಚುವ ಭಾಗ) ಮೂಲಕ ಹೋದದ್ದನ್ನು ಮಾತ್ರ. ಪಿಲ್ಲೋ ಚಿತ್ರದ ಪಿಕ್ಸೆಲ್‌ಗಳಿಗೆ ಸಿ ಭಾಷೆಯಲ್ಲಿ ಮೆಮೊರಿ ಕೇಳುವ ಮ್ಯಾಲಕ್ಕನ್ನು ನೇರ ಕರೆಯುತ್ತದೆ. ಅದು ಟ್ರೇಸ್‌ಮ್ಯಾಲಕ್ ಕಣ್ಣಿಗೆ ಬೀಳುವುದೇ ಇಲ್ಲ. ಇದು ಹೊಳೆಯಲು ನನಗೆ ನಾಲ್ಕು ರಾತ್ರಿ ಬೇಕಾಯಿತು.

ದಾರಿ ತೋರಿಸಿದ್ದು ಫೋಟೊಗಳೇ. ಫೋಲ್ಡರ್ ಒಂದೊಂದಾಗಿ ಹಾಕಿ ನೋಡಿದೆ. ಸನ್ನತಿಯ 400 ಫೋಟೊ ಹಾಕಿದರೆ ಮೆಮೊರಿ ಕದಲಲಿಲ್ಲ. 'ರಾಯ ಅಸೋಕೋ' ಅಂತ ಬ್ರಾಹ್ಮಿಯಲ್ಲಿ ಬರೆದ ಅಶೋಕನ ಆ ಪ್ರಸಿದ್ಧ ಶಿಲ್ಪ ಸಿಕ್ಕಿದ ಕನಗನಹಳ್ಳಿ ಅದರ ಪಕ್ಕದಲ್ಲೇ. ಸನ್ನತಿಯಲ್ಲಿ ನಾನು ತೆಗೆದದ್ದೆಲ್ಲ ಅಡ್ಡ ಫೋಟೊ. ಆಮೇಲೆ ಬೀದರಿನ ಮಹಮೂದ್ ಗವಾನ್ ಮದರಸಾ ಫೋಲ್ಡರ್ ಹಾಕಿದೆ. ಐದೇ ನಿಮಿಷದಲ್ಲಿ 700 ಎಂಬಿ ದಾಟಿತು. 1472ರ ಕಟ್ಟಡ, ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ. ಅಷ್ಟೆತ್ತರದ ಮಿನಾರನ್ನು ಬುಡದಿಂದ ತುದಿವರೆಗೆ ಹಿಡಿಯಬೇಕೆಂದರೆ ಕ್ಯಾಮೆರಾ ನಿಲ್ಲಿಸಿಯೇ ಹಿಡಿಯಬೇಕು ಅಲ್ವಾ? ಆ ಫೋಲ್ಡರ್ ತುಂಬ ನಿಂತ ಫೋಟೊಗಳೇ.

ನಿಂತ ಫೋಟೊಗೆ ಎಕ್ಸಿಫ್‌ನಲ್ಲಿ (ಕ್ಯಾಮೆರಾ ಫೋಟೊ ಜೊತೆ ಬರೆದಿಡುವ ಮಾಹಿತಿ) ಓರಿಯೆಂಟೇಷನ್ 6 ಅಥವಾ 8 ಇರುತ್ತದೆ. ನನ್ನ ಕೋಡ್ ಅದನ್ನು ನೋಡಿ ಮೊದಲು ಚಿತ್ರ ತಿರುಗಿಸಿ, ಆಮೇಲೆ ಚಿಕ್ಕದು ಮಾಡುತ್ತಿತ್ತು. ತಪ್ಪು ಅಲ್ಲೇ ಇತ್ತು. ಪಿಲ್ಲೋದ ಥಂಬ್‌ನೇಲ್ ಕೆಲಸ ಜಾಣತನದ್ದು. ಜೆಪೆಗ್ ಆದರೆ ಪೂರ್ತಿ ಬಿಚ್ಚುವುದೇ ಇಲ್ಲ. ಡ್ರಾಫ್ಟ್ ಮೋಡಿನಲ್ಲಿ ಅರ್ಧ, ಕಾಲು, ಎಂಟನೇ ಒಂದು ಅಳತೆಗೆ ನೇರ ಬಿಚ್ಚುತ್ತದೆ. 6000×4000ರ ಫೋಟೊದಿಂದ 400 ಪಿಕ್ಸೆಲ್ ಚಿತ್ರ ಬೇಕೆಂದರೆ 1500×1000ಕ್ಕೆ ಬಿಚ್ಚಿದರೆ ಸಾಕು, ಸುಮಾರು 6 ಎಂಬಿ. ಆದರೆ ಮೊದಲೇ ತಿರುಗಿಸು ಎಂದರೆ ಪೂರ್ತಿ ಬಿಚ್ಚಲೇಬೇಕು. ಆರ್‌ಜಿಬಿ ಚಿತ್ರಕ್ಕೂ ಪಿಲ್ಲೋ ಒಳಗೆ ಪಿಕ್ಸೆಲ್‌ಗೆ 4 ಬೈಟ್ ಇಡುತ್ತದೆ. 24 ಮೆಗಾಪಿಕ್ಸೆಲ್‌ಗೆ 96 ಎಂಬಿ. ತಿರುಗಿಸಿದ ಪ್ರತಿ ಬೇರೆ, ಇನ್ನೊಂದು 96. ನಾಲ್ಕು ಥ್ರೆಡ್ ಒಟ್ಟಿಗೆ ಓಡಿದರೆ 768 ಎಂಬಿ. ಡಿಸ್ಕಿನ ಮೇಲೆ 8 ಎಂಬಿ ಇದ್ದ ಫೋಟೊ!

ಎರಡು ಸಾಲು ಹಿಂದುಮುಂದು ಮಾಡಿದೆ. ಮೊದಲು ಚಿಕ್ಕದು, ಆಮೇಲೆ ತಿರುಗಿಸುವುದು. ಏರುವುದೇನೋ ನಿಂತಿತು. ಆದರೆ ಒಂದು ಪ್ರಶ್ನೆ ಬಿಡಲಿಲ್ಲ. ಹಳೇ ಕೋಡಿನಲ್ಲೂ ಕೆಲಸ ಮುಗಿದ ಮೇಲೆ 768 ಇಳಿಯಬೇಕಿತ್ತಲ್ಲ? ಅದು ಇಳಿಯದೆ 2.6 ಜಿಬಿವರೆಗೆ ಹೋದದ್ದು ಯಾಕೆ? ಅದಕ್ಕೆ ಉತ್ತರ ಸಿಗದೆ ಮಲಗಲು ಮನಸ್ಸಾಗಲಿಲ್ಲ. ಹಳೇ ಕೋಡನ್ನೇ ಮತ್ತೆ ಓಡಿಸಿದೆ.

ಪ್ರೊಸೆಸ್ಸಿನ ಮೆಮೊರಿ ನಕ್ಷೆ ತೋರಿಸುವ ಪಿಮ್ಯಾಪ್‌ನಲ್ಲಿ ಸಾಲುಸಾಲು 65536 ಕೆಬಿ ತುಂಡುಗಳು. 64 ಎಂಬಿ, 64 ಎಂಬಿ, 64 ಎಂಬಿ. ಇದು ಜಿಲಿಬ್‌ಸಿ (ಮ್ಯಾಲಕ್ ಇರುವ ಲಿನಕ್ಸ್‌ನ ಸಿ ಲೈಬ್ರರಿ) ಅರೀನಾದ, ಅಂದರೆ ಅದು ಮೆಮೊರಿ ಹಂಚುವ ಅಂಗಳದ ಗುರುತು. ಥ್ರೆಡ್‌ಗಳು ಒಂದಕ್ಕೊಂದು ಕಾಯಬಾರದು ಅಂತ ಜಿಲಿಬ್‌ಸಿ ಬೇರೆ ಬೇರೆ ಅರೀನಾ ಮಾಡಿಕೊಡುತ್ತದೆ. 64 ಬಿಟ್ ಮೆಷೀನಿನಲ್ಲಿ ಕೋರ್‌ಗೆ 8ರಂತೆ ಮಿತಿ, ನನ್ನದರಲ್ಲಿ ನಾಲ್ಕು ಲೆಕ್ಕಕ್ಕೆ ಬಂದು 32. ಇನ್ನೊಂದು ಸಂಗತಿ ಇದೆ. ದೊಡ್ಡ ತುಂಡು ಕೇಳಿದರೆ ಅದು ಎಂಮ್ಯಾಪ್‌ನಿಂದ, ಅಂದರೆ ಕರ್ನಲ್ ಬಳಿ ನೇರ ಬೇರೆ ತುಂಡು ಕೇಳಿ, ಕೊಡುತ್ತದೆ, ಬಿಟ್ಟ ಕೂಡಲೇ ಕರ್ನಲ್‌ಗೆ ವಾಪಸ್. ಈ 'ದೊಡ್ಡದು' ಶುರುವಾಗುವುದು 128 ಕೆಬಿಯಿಂದ. ಆದರೆ ಅಂಥ ತುಂಡನ್ನು ಒಮ್ಮೆ ಬಿಟ್ಟರೆ ಗಡಿ ತಾನೇ ಆ ಅಳತೆಗೆ ಏರುತ್ತದೆ, 32 ಎಂಬಿವರೆಗೂ. ಪಿಲ್ಲೋ ಕೇಳುವುದು 16 ಎಂಬಿಯ ಬ್ಲಾಕ್‌ಗಳನ್ನು. ಹಾಗಾಗಿ ಮೊದಲ ಫೋಟೊ ಆದ ಮೇಲೆ ಎಲ್ಲ ಬ್ಲಾಕ್‌ಗಳೂ ಅರೀನಾ ಒಳಗಿಂದಲೇ ಬರತೊಡಗಿದವು. ಅಲ್ಲಿ ಮೇಲೆ ಒಂದು ಸಣ್ಣ ತುಣುಕು ಬಳಕೆಯಲ್ಲಿ ಉಳಿದರೂ ಸಾಕು, ಅದರ ಕೆಳಗಿನದೆಲ್ಲ ಖಾಲಿ ಇದ್ದೂ ವಾಪಸ್ ಹೋಗುವುದಿಲ್ಲ.

ನಿಜವೇ ಅಂತ ನೋಡಲು ಪೈಥಾನ್‌ನಿಂದ ಸಿ ಫಂಕ್ಷನ್ ಕರೆಯುವ ಸಿಟೈಪ್ಸ್‌ನಿಂದ, ಖಾಲಿ ಮೆಮೊರಿ ಕರ್ನಲ್‌ಗೆ ವಾಪಸ್ ಕೊಡುವ ಮ್ಯಾಲಕ್ ಟ್ರಿಮ್ ಕರೆದೆ. 2.6 ಜಿಬಿ ಇದ್ದದ್ದು ಕಣ್ಣೆದುರೇ 240 ಎಂಬಿಗೆ ಬಿತ್ತು! ಕೂಗಿಬಿಟ್ಟೆ. ಅವ್ವ ಎದ್ದು ಬಂದಳು.

"ಏನಾತೋ? ಇಷ್ಟೊತ್ನಾಗ ಏನ್ ಹುಡುಕ್ಲಾಕತ್ತಿ?"

ಕೆಲಸ ಮುಗಿದರೂ ಜಾಗ ಬಿಟ್ಟುಕೊಡದೆ ಇಟ್ಟುಕೊಂಡಿತ್ತು ಅಂತ ಹೇಳಿದೆ.

"ನಿಮ್ಮ ಕಾಕಾನ ಮನ್ಯಾಗ ಕುಬಸಕ್ಕ ಒಯ್ದ ಹಂಡೆ ಇನ್ನಾ ಅಲ್ಲೇ ಐತಲ್ಲ, ಹಂಗಂತಿ?" ಅಂದು ಹೋಗಿ ಮಲಗಿದಳು.

ಹಂಗೇ! ಕಾಕಾ ಹಂಡೆ ಕದ್ದಿಲ್ಲ, ಮತ್ತೆ ಬೇಕಾಗುತ್ತದೆ ಅಂತ ಇಟ್ಟುಕೊಂಡಿದ್ದಾನೆ. ನಾಲ್ಕು ಮನೆಯವರು ಹೀಗೆ ಇಟ್ಟುಕೊಂಡರೆ ನಮ್ಮ ಮನೆಯಲ್ಲಿ ನೀರು ಕಾಯಿಸಲು ಹಂಡೆ ಇರುವುದಿಲ್ಲ. ಇದನ್ನು ಲೀಕ್ (ಬಿಡಲು ಮರೆತ ಮೆಮೊರಿ) ಅನ್ನಲು ನನಗೆ ಈಗ ಮನಸ್ಸಿಲ್ಲ. ಲೀಕ್ ಅಂದುಕೊಂಡೇ ಹತ್ತು ದಿನ ತಪ್ಪು ಕಡೆ ಅಗೆದೆ.

ಈಗ ಸರ್ವಿಸ್ ಫೈಲಿನಲ್ಲಿ ಅರೀನಾ ಎರಡಕ್ಕಿಂತ ಹೆಚ್ಚು ಬೇಡ ಎನ್ನುವ ಮ್ಯಾಲಕ್ ಅರೀನಾ ಮ್ಯಾಕ್ಸ್ 2 ಅಂತ ಒಂದು ಸಾಲು ಸೇರಿಸಿದ್ದೇನೆ. ವೇಗದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಜಿಲಿಬ್‌ಸಿ ಮ್ಯಾಲಕ್ ಬದಲಿಗೆ ಜೆಮ್ಯಾಲಕ್ ಹಾಕಿ ನೋಡುವ ಆಸೆ ಇತ್ತು, ಇಷ್ಟಕ್ಕೆ ಅದು ಬೇಕಾಗಲಿಲ್ಲ.

ಬೆಳಿಗ್ಗೆಯಿಂದ ತಲೆ ಆಗಲೇ ಮುಂದಿನ ಕೆಲಸದ ಕಡೆ ಓಡುತ್ತಿದೆ. ನಮ್ಮ ಹಳೇ ಪಡಸಾಲೆಗೆ ಶಹಾಬಾದ್ ಫರ್ಸಿ, ಹೊಸ ಕೋಣೆಗೆ ಟೈಲ್ಸ್. ಬೇಸಿಗೆಯಲ್ಲಿ ಫರ್ಸಿ ಮೇಲೆ ಮಲಗಿದರೆ ತಂಪು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ತಂಪು? ಎರಡೂ ನೆಲಕ್ಕೆ ಒಂದೊಂದು ಡಿಎಸ್18ಬಿ20 ತಾಪಮಾನ ಸೆನ್ಸರ್, ಅವನ್ನು ಓದಲು ಒಂದು ಇಎಸ್‌ಪಿ32 ಚಿಕ್ಕ ಬೋರ್ಡ್, 4.7 ಕೆ ರೆಸಿಸ್ಟರ್. ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ತೋರಿಸಬಹುದು, ಹಾಗಾಗಿ ಮೊದಲು ಎರಡನ್ನೂ ಒಂದೇ ನೀರಿನ ಲೋಟದಲ್ಲಿಟ್ಟು ಹೋಲಿಸಬೇಕು. ಏಪ್ರಿಲ್ ಬರುವ ಮುಂಚೆ ಕೂರಿಸಿಬಿಡಬೇಕು.

ಸದ್ಯ ಬೀದರ್ ಫೋಲ್ಡರ್ ಮೊದಲಿನಿಂದ ಓಡುತ್ತಿದೆ. 1,140ರಲ್ಲಿ 612 ಮುಗಿದಿವೆ, ಎಲ್ಲ ನಿಂತ ಮಿನಾರುಗಳೇ. ಟಾಪ್‌ನಲ್ಲಿ 118 ಎಂಬಿ.