ದುಡ್ಡು, ರಜೆ ಎಲ್ಲಿಂದ ಬರುತ್ತೆ?

"ಮೇಡಂ, ಇಷ್ಟೊಂದು ಸುತ್ತೋಕೆ ನಿಮಗೆ ದುಡ್ಡು ಎಲ್ಲಿಂದ ಬರುತ್ತೆ? ರಜೆ ಯಾರು ಕೊಡ್ತಾರೆ?"

ಕೌಂಟರಿನ ಆಚೆ ನಿಂತವರು ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. ನನ್ನ ನಾದಿನಿಯಂತೂ ವರ್ಷಕ್ಕೆ ಎರಡು ಸಲ ಕೇಳುತ್ತಾಳೆ, ಅದೂ ಸ್ವಲ್ಪ ಅನುಮಾನದ ದನಿಯಲ್ಲಿ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ.

ನಾನು ಶಿವಮೊಗ್ಗದಲ್ಲಿ ಒಂದು ಸಹಕಾರಿ ಬ್ಯಾಂಕಿನ ಗುಮಾಸ್ತೆ. ವಯಸ್ಸು ಐವತ್ತು ದಾಟಿದೆ. ದುಡ್ಡಿನ ಉತ್ತರ ಬಹಳ ಚಿಕ್ಕದು. ತಿಂಗಳಿಗೆ 1,500 ರೂಪಾಯಿಯ ಒಂದು ಆರ್.ಡಿ. ಇದೆ. ವರ್ಷದ ಕೊನೆಗೆ 18,000, ಮೇಲೆ ಬಡ್ಡಿ. ಸ್ಲೀಪರ್ ಟಿಕೆಟ್, ಕೆಂಪು ಬಸ್ಸು, ಮಠದ ಊಟ, ಛತ್ರದ ರೂಮು. ಅಷ್ಟರಲ್ಲಿ ಆಗುವಷ್ಟೇ ನನ್ನ ತಿರುಗಾಟ. ಫಾರಿನ್ ಯಾವಾಗ ಅಂತ ಕೇಳುವವರಿಗೂ ಅದೇ ಲೆಕ್ಕ ತೋರಿಸುತ್ತೇನೆ.

ರಜೆಯ ಉತ್ತರ ಸ್ವಲ್ಪ ಉದ್ದ.

2006ರ ಫೆಬ್ರವರಿ. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ಮಗಳಿಗೆ ಆಗ ಒಂದೂವರೆ ವರ್ಷ, ಮೈ ಸುಡುವ ಜ್ವರ. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಟಿ.ವಿ.ಯಲ್ಲಿ ನೋಡುತ್ತಿದ್ದೆ. ಹಾಲು, ಕಬ್ಬಿನ ಹಾಲು, ಅರಿಶಿನ, ಚಂದನ, ಒಂದರ ಮೇಲೊಂದು ಗೊಮ್ಮಟನ ತಲೆಯಿಂದ ಇಳಿಯುತ್ತಿದ್ದವು. "ಮುಂದಿನ ಸಲ ಹೋದರಾಯ್ತು ಬಿಡು" ಅಂದರು ನಮ್ಮವರು. ಮುಂದಿನ ಸಲ ಅಂದರೆ ಹನ್ನೆರಡು ವರ್ಷ! ಹಾಲಿನ ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ "2018, ಬೆಳಗೊಳ" ಅಂತ ಬರೆದಿಟ್ಟೆ. ನನ್ನ ಪಟ್ಟಿ ಶುರುವಾಗಿದ್ದು ಹಾಗೆ.

ಆಮೇಲೆ ಪಟ್ಟಿ ಕೆಟ್ಟಿತು. ಕೆಡಿಸಿದ್ದು ನಾನೇ. ಅಲ್ಲಿ ಇಲ್ಲಿ ಓದಿದ್ದು, ಕೇಳಿದ್ದು ಎಲ್ಲ ಸೇರಿಸಿದೆ. ಸ್ವಿಟ್ಜರ್ಲೆಂಡ್ ಬಂತು. ಗಿಟಾರ್ ಬಂತು. ಕಾಲಿಗೆ ಹಗ್ಗ ಕಟ್ಟಿಕೊಂಡು ಸೇತುವೆಯಿಂದ ಹಾರುವುದು ಕೂಡ ಬಂತು. ಏಣಿ ಹತ್ತಿದರೆ ತಲೆ ಸುತ್ತುವ ನನಗೆ ಅದು ಯಾಕೆ ಬೇಕಿತ್ತೋ! ನಲವತ್ತು ಸಾಲು ತುಂಬಿತು, ಹತ್ತು ವರ್ಷದಲ್ಲಿ ಮುಗಿದಿದ್ದು ಮೂರು.

ಮಗಳು ಇದಕ್ಕೆ ಬಕೆಟ್ ಲಿಸ್ಟ್ ಅನ್ನುತ್ತಾಳೆ. ನಮ್ಮಮ್ಮ ಅದನ್ನು ಕೇಳಿ, ಬಚ್ಚಲುಮನೆಗೆ ಹೊಸ ಬಕೆಟ್ ತರುವ ಮಾತು ಅಂದುಕೊಂಡಿದ್ದಳು.

2017ರ ಯುಗಾದಿಗೆ ಮನೆಗೆ ಹೊಸ ಪಂಚಾಂಗ ಬಂದಾಗ ಒಂದು ಕೆಲಸ ಮಾಡಿದೆ. ಪಟ್ಟಿಯನ್ನು ಊರಿನ ಪ್ರಕಾರ ಬಿಟ್ಟು ತಿಂಗಳ ಪ್ರಕಾರ ಬರೆದೆ. ಜೋಗಕ್ಕೆ ಏಪ್ರಿಲ್‌ನಲ್ಲಿ ಹೋದರೆ ಬಂಡೆ ನೋಡಿ ಬರಬೇಕು, ಆಗಸ್ಟ್‌ನಲ್ಲೇ ಹೋಗಬೇಕು. ಮಿಂಚುಹುಳ ಕಾಣುವುದು ಮುಂಗಾರಿಗೆ ಮುಂಚೆ. ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಮಳೆಗಾಲ ಮುಗಿಯುವ ತನಕ ಇಡೀ ರಾತ್ರಿಯ ಬಯಲಾಟ ಎಲ್ಲಿಂದ ಬರಬೇಕು? ತಲಕಾವೇರಿಯ ತೀರ್ಥೋದ್ಭವ ತುಲಾ ಸಂಕ್ರಮಣಕ್ಕೆ. ಹೀಗೆ ಬರೆಯುತ್ತಾ ಹೋದರೆ ಯಾವ ತಿಂಗಳಿಗೂ ಸೇರದ ಸಾಲುಗಳು ಉಳಿದವು. ಸ್ವಿಟ್ಜರ್ಲೆಂಡ್, ಗಿಟಾರ್, ಸೇತುವೆ. ಅವನ್ನು ಹೊಡೆದು ಹಾಕಿದೆ. ಕುಮಾರ ಪರ್ವತಕ್ಕೆ ತಿಂಗಳು ಇತ್ತು, ಮಂಡಿ ಇರಲಿಲ್ಲ. ಅದಕ್ಕೂ ಗೀಟು ಹಾಕಿದೆ. ಬೇಜಾರೇನೂ ಆಗಲಿಲ್ಲ.

ರಜೆಯ ಗುಟ್ಟು ಇಷ್ಟೇ. ಯಾವ ತಿಂಗಳು ಹೋಗಬೇಕು ಅಂತ ಒಂಬತ್ತು ತಿಂಗಳು ಮೊದಲೇ ಗೊತ್ತಿದ್ದರೆ ಯಾವ ಮ್ಯಾನೇಜರೂ ಇಲ್ಲ ಅನ್ನುವುದಿಲ್ಲ. ಅದೇ ಮುಂದಿನ ವಾರಕ್ಕೆ ಕೇಳಿ ನೋಡಿ!

2018ರ ಫೆಬ್ರವರಿಯಲ್ಲಿ ಬೆಳಗೊಳಕ್ಕೆ ಹೋದೆ. ವಾರದ ನಡುವೆ, ಎರಡು ಸಿ.ಎಲ್. (ಸಾಂದರ್ಭಿಕ ರಜೆ) ಹಾಕಿ. ಕ್ರಿ.ಶ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ವಿಗ್ರಹ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಬಾಯಿಪಾಠದಲ್ಲಿ ವಾಸನೆ ಇರುವುದಿಲ್ಲ. ಅರಿಶಿನ ಸುರಿದಾಗ ಗಾಳಿಯೇ ಹಳದಿಯಾಯಿತು. ಪಕ್ಕದಲ್ಲಿದ್ದ ಅಜ್ಜಿಯ ಬಿಳಿ ಸೀರೆ, ನನ್ನ ಕನ್ನಡಕ, ಮುಂದಿದ್ದವರ ಬೋಳುತಲೆ ಎಲ್ಲಕ್ಕೂ ಒಂದೇ ಬಣ್ಣ. ಟಿ.ವಿ.ಯಲ್ಲಿ ನೋಡಿದ್ದು ಸುಳ್ಳಲ್ಲ, ಆದರೆ ಅದು ಕಾಲು ಭಾಗವೂ ಅಲ್ಲ.

ಅದೇ ವರ್ಷ ನೀಲಕುರಿಂಜಿಯ ಸರದಿಯೂ ಇತ್ತು. ಮುನ್ನಾರಿನ ಇರವಿಕುಲಂ ಗುಡ್ಡಗಳಲ್ಲಿ ಅದೂ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ, ಅದೂ 2006, 2018. ಗೊಮ್ಮಟನಿಗೂ ಆ ಗಿಡಕ್ಕೂ ಒಂದೇ ಲೆಕ್ಕ! ಆಗಸ್ಟ್ ಕೊನೆಗೆ ಅಂತ ಬುಕ್ ಮಾಡಿದ್ದೆ. ಆಗಸ್ಟ್ ಮಧ್ಯದಲ್ಲಿ ಕೇರಳದಲ್ಲಿ ಎಂಥ ಪ್ರವಾಹ ಬಂತು ಅಂತ ಎಲ್ಲರಿಗೂ ಗೊತ್ತು. ಮುನ್ನಾರಿನ ದಾರಿಗಳೇ ಕುಸಿದವು. ಟ್ರಾವೆಲ್ಸ್‌ನವರು ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಕೊಟ್ಟರು. ಜನ ಮನೆ ಕಳೆದುಕೊಂಡಿರುವಾಗ ಹೂವಿಗೆ ಅಳುವುದು ಸರಿಯಲ್ಲ ಅಂತ ಸುಮ್ನಾದೆ.

ಆದರೆ ರಜೆ ಮಂಜೂರಾಗಿತ್ತು. ಅದೇ ಮಳೆಗೆ ಇಲ್ಲಿ ಲಿಂಗನಮಕ್ಕಿ ತುಂಬಿ ಗೇಟು ತೆರೆದಿದ್ದರು. "ಅಮ್ಮಾ, ಜೋಗಕ್ಕೆ ಹೋಗೋಣ್ವಾ?" ಅಂದೆ.

ಅಮ್ಮ ಶರಾವತಿ ಮುಳುಗಡೆಯವಳು. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದಾಗ ಅವಳಿಗೆ ಹದಿನೆಂಟು. ಮನೆ, ಗದ್ದೆ, ತೋಟ ಬಿಟ್ಟು ಇಡೀ ಕುಟುಂಬ ಎದ್ದು ಬಂದಿತ್ತು. ಅದಕ್ಕೂ ಮೊದಲು, ಹತ್ತು ವರ್ಷದ ಹುಡುಗಿಯಾಗಿದ್ದಾಗ, ಮಳೆಗಾಲದ ಜೋಗ ನೋಡಿದ್ದಳಂತೆ. "ಆಗಿನ ಜೋಗ" ಅಂತ ಶುರುಮಾಡಿದರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ಹೋಗುತ್ತಿದ್ದೆವು.

ಎರಡು ಗಂಟೆ ಬರೀ ಮಂಜು. ರಾಜ ಇಲ್ಲ, ರಾಣಿ ಇಲ್ಲ, ರೋರರ್ ಇಲ್ಲ, ರಾಕೆಟ್ ಇಲ್ಲ. ಬಿಳಿ ಗೋಡೆ, ಅದರ ಹಿಂದೆ ಸದ್ದು. ಅಮ್ಮ ಕಂಬಿ ಹಿಡಿದು ನಿಂತೇ ಇದ್ದಳು. ಛತ್ರಿ ಎರಡು ಸಲ ಮಗುಚಿತು. ಬಿಸಿ ಜೋಳ ತಿಂದೆವು. ಆಮೇಲೆ ಯಾರೋ ಪರದೆ ಎಳೆದ ಹಾಗೆ ಮಂಜು ಸರಿಯಿತು. ನಾಲ್ಕು ಕವಲು ಅಂತ ಬೇರೆ ಬೇರೆ ಹೇಳುವ ಹಾಗಿರಲಿಲ್ಲ, 253 ಮೀಟರ್ ಎತ್ತರದಿಂದ ಕೆಂಪು ನೀರು ಒಟ್ಟಿಗೇ ಬೀಳುತ್ತಿತ್ತು. ನಾಲ್ಕೈದು ನಿಮಿಷ ಇದ್ದಿರಬೇಕು. ಮತ್ತೆ ಮುಚ್ಚಿತು.

"ಹೇಗಿತ್ತಮ್ಮ?"

"ಚೆನ್ನಾಗಿತ್ತು. ಆಗ ಸದ್ದು ಇನ್ನೂ ಜಾಸ್ತಿ ಇತ್ತು."

ಬಸ್ಸಿನಲ್ಲಿ ಬರುವಾಗ ತಲೆ ಒರೆಸಿಕೊಳ್ಳುತ್ತಾ ಕೇಳಿದಳು: "ನಿನ್ನ ಪಟ್ಟಿಯಲ್ಲಿ ನಂದೊಂದು ಬರ್ಕೋತೀಯೇನೇ?" ಅವಳ ಊರು ಇದ್ದ ಕಡೆ ಒಮ್ಮೆ ಹೋಗಬೇಕಂತೆ. ಬರೆದುಕೊಂಡೆ. ತಿಂಗಳು ಮೇ ಕೊನೆ. ಷರತ್ತು: ಹಿಂದಿನ ವರ್ಷ ಮಳೆ ಕೈಕೊಟ್ಟಿರಬೇಕು. ಜೋಗಕ್ಕೆ ಒಳ್ಳೆ ಮಳೆ ಬೇಕು, ಮುಳುಗಿದ ಊರಿಗೆ ಬರ ಬೇಕು. ಬರ ಬರಲಿ ಅಂತ ಕಾಯುವುದು ಹೇಗೆ? ಆ ಸಾಲನ್ನು ಪೆನ್ಸಿಲ್‌ನಲ್ಲಿ ಬರೆದೆ.

ನಡುವೆ ಒಂದಿಷ್ಟು ಆದವು. 47ನೇ ವಯಸ್ಸಿನಲ್ಲಿ ಈಜು ಕಲಿತೆ. ಹೆಂಗಸರ ಬ್ಯಾಚಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು "ಆಂಟಿ, ಹೆದ್ರಬೇಡಿ" ಅಂತ ಕಲಿಸಿದಳು. 2022ರ ಸೆಪ್ಟೆಂಬರ್‌ನಲ್ಲಿ ಬಾಬಾಬುಡನ್‌ಗಿರಿ ಕಡೆ ಕುರಿಂಜಿ ಅರಳಿತು. ಮುನ್ನಾರಿಗೆ ಓಡಬೇಕಾಗಿರಲಿಲ್ಲ, ಅದು ಚಿಕ್ಕಮಗಳೂರಿಗೇ ಬಂದಿತ್ತು. ಹೂವು ನೋಡಿದ್ದಕ್ಕಿಂತ ಕಾರಿನ ಸಾಲು ನೋಡಿದ್ದೇ ಜಾಸ್ತಿ. ಬೇರುಸಹಿತ ಕಿತ್ತು ಬಾನೆಟ್ಟಿನ ಮೇಲೆ ಇಟ್ಟುಕೊಂಡು ಫೋಟೊ ತೆಗೆಯುತ್ತಿದ್ದ ಒಬ್ಬರಿಗೆ ಬೈದೆ. ಅದು ಪಟ್ಟಿಯಲ್ಲಿರಲಿಲ್ಲ, ಆದರೂ ಟಿಕ್ ಹಾಕಿಕೊಂಡೆ.

ಮಾರ್ಚ್ ತಿಂಗಳಿನ ಸಾಲು: ಅಮ್ಮನ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ ಕಲಿಯುವುದು. ಸುಲಭ ಅಂದುಕೊಂಡಿದ್ದೆ. ಮಿಡಿ ಸಂತೆಗೆ ಬರುವುದು ಕೆಲವೇ ವಾರ, ಕೊಡುವುದು ನೂರರ ಲೆಕ್ಕದಲ್ಲಿ. ತೊಟ್ಟು ಮುರಿದಿರಬಾರದು, ನೆಲಕ್ಕೆ ಬಿದ್ದಿರಬಾರದು, ಸೊನೆಯ ಪರಿಮಳ ಮೂಗಿಗೆ ಹೊಡೆಯಬೇಕು. ಉಪ್ಪಿನಲ್ಲಿ ಹಾಕಿಟ್ಟು ಚಿರುಟಿದ ಮೇಲೆ ಖಾರ. "ಉಪ್ಪು ಎಷ್ಟಮ್ಮ?" ಅಂದರೆ "ಬೇಕಾದಷ್ಟು". ಮೊದಲ ವರ್ಷದ್ದಕ್ಕೆ ಬೂಸು ಬಂತು. ಎರಡನೇ ವರ್ಷದ್ದು ನಿಂತಿತು. ಅಮ್ಮ ಒಂದು ಮಿಡಿ ಕಚ್ಚಿ, ಕಣ್ಣು ಮುಚ್ಚಿ, "ಪರವಾಗಿಲ್ಲ. ಆದ್ರೆ ಇದು ಆ ಮರದ ಮಿಡಿ ಅಲ್ಲ" ಅಂದಳು. ಯಾವ ಮರ ಅಂತ ನಾನು ಕೇಳಲಿಲ್ಲ. ಹುಳಿ ನೋಡುವ ಗಡಿಬಿಡಿಯಲ್ಲಿದ್ದೆ.

2023ರಲ್ಲಿ ಮಳೆ ಕೈಕೊಟ್ಟಿತು. ಬ್ಯಾಂಕಿನಲ್ಲಿ ಸಾಲ ಕಟ್ಟಲಾಗದೆ ಬರುವ ರೈತರ ಮುಖ ನೋಡುತ್ತಾ, ಮನಸ್ಸಿನ ಒಂದು ಮೂಲೆಯಲ್ಲಿ ಪೆನ್ಸಿಲ್ ಸಾಲು ನೆನಪಾಗುತ್ತಿತ್ತು. ನಾಚಿಕೆಯಾಗುತ್ತಿತ್ತು. ಮುಂದಿನ ಮೇ ಕೊನೆಗೆ ಅಮ್ಮನನ್ನು ಕರೆದುಕೊಂಡು ಹಿನ್ನೀರಿನ ಕಡೆ ಹೊರಟೆ. ಲಿಂಗನಮಕ್ಕಿಗೂ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಂತ ಒಂದು ಆಣೆಕಟ್ಟು ಇತ್ತು. ದೊಡ್ಡ ಆಣೆಕಟ್ಟು ಬಂದಾಗ ಚಿಕ್ಕದು ಅದರ ಹೊಟ್ಟೆಯೊಳಗೆ ಹೋಯಿತು. ನೀರು ಇಳಿದ ಬೇಸಿಗೆಯಲ್ಲಿ ಮಾತ್ರ ಅದರ ಕಲ್ಲಿನ ಕಟ್ಟೆ ಹೊರಗೆ ಕಾಣುತ್ತದೆ. ನೋಡಿದೆವು. ಸುತ್ತ ಬಿರುಕು ಬಿಟ್ಟ ಕೆಸರು, ಕೊಳೆಯದೆ ನಿಂತ ಮರದ ಬುಡಗಳು.

ಅಮ್ಮನಿಗೆ ಊರು ಗುರುತು ಸಿಗಲಿಲ್ಲ. ದಾರಿ ಇಲ್ಲ, ಗುಡಿ ಇಲ್ಲ, ಗುಡ್ಡದ ತಲೆ ಮಾತ್ರ. ಒಂದು ಕಡೆ ಕೈ ತೋರಿಸಿದಳು, ಆಮೇಲೆ "ಅಲ್ಲ, ಆಚೆ" ಅಂದಳು. ಕೊನೆಗೆ ಒಂದು ಬುಡದ ಮೇಲೆ ಕೂತು, ಮನೆಯ ಹಿಂದೆ ಹಳ್ಳದ ದಂಡೆಯಲ್ಲಿದ್ದ ಅಪ್ಪೆ ಮರದ ವಿಷಯ ಹೇಳಿದಳು. ಮಿಡಿ ನೀರಿಗೆ ಬೀಳದ ಹಾಗೆ ಅವಳಪ್ಪ ಕಲ್ಲಿ (ಹಗ್ಗದ ಬಲೆಚೀಲ) ಕಟ್ಟಿಕೊಂಡು ಹತ್ತುತ್ತಿದ್ದನಂತೆ. ಹೊರಡುವ ವರ್ಷವೂ ಕಾಯಿ ಬಿಟ್ಟಿತ್ತಂತೆ. ಮನೆ ಬಗ್ಗೆ ಒಂದು ಮಾತಿಲ್ಲ, ಬರೀ ಮರ. ಅದಕ್ಕೆ ಟಿಕ್ ಹಾಕಲು ಮನಸ್ಸು ಬರಲಿಲ್ಲ. ಪೆನ್ಸಿಲ್ ಸಾಲು ಹಾಗೇ ಇದೆ.

ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಅದು ನನ್ನ ಜಾಣತನದ ಕಥೆ. ಚೈತ್ರ ಹುಣ್ಣಿಮೆಗೆ ನನ್ನ ಪಟ್ಟಿಯಲ್ಲಿ ಎರಡು ಸಾಲು. ಒಂದು ಬೆಂಗಳೂರು ಕರಗ. ಇನ್ನೊಂದು ಕನ್ಯಾಕುಮಾರಿಯಲ್ಲಿ ಚಿತ್ರಾ ಪೌರ್ಣಮಿ. ಒಂದು ಕಡೆ ಸೂರ್ಯ ಮುಳುಗುವಾಗ ಇನ್ನೊಂದು ಕಡೆ ಚಂದ್ರ ಏಳುವುದನ್ನು ನೋಡಲು ಅಲ್ಲಿ ಜನ ಸೇರುತ್ತಾರೆ. ಎರಡೂ ಸಾಮಾನ್ಯವಾಗಿ ಒಂದೇ ರಾತ್ರಿ, ಒಂದನ್ನು ಬಿಡಲೇಬೇಕು. ಆದರೆ ನಮ್ಮ ಚೈತ್ರ ಚಂದ್ರನ ಲೆಕ್ಕ, ತಮಿಳರ ಚಿತ್ತಿರೈ ಸೂರ್ಯನ ಲೆಕ್ಕ. ಅವರ ತಿಂಗಳು ಶುರುವಾಗುವುದು ಏಪ್ರಿಲ್ 14ರ ಹೊತ್ತಿಗೆ. ನಮ್ಮ ಹುಣ್ಣಿಮೆ ಅದಕ್ಕೆ ಮೊದಲೇ ಬಂದರೆ ಅವರದ್ದು ಮುಂದಿನ ತಿಂಗಳಿಗೆ ಹೋಗುತ್ತದೆ. 2025ರಲ್ಲಿ ಹಾಗೇ ಆಯಿತು. ಕರಗ ಏಪ್ರಿಲ್ 12, ಚಿತ್ರಾ ಪೌರ್ಣಮಿ ಮೇ 12. ಅದೂ ಏಪ್ರಿಲ್ 12 ಎರಡನೇ ಶನಿವಾರ, ಬ್ಯಾಂಕಿಗೆ ರಜೆ!

ತಿಗಳರಪೇಟೆಯಲ್ಲಿ ಮಧ್ಯರಾತ್ರಿ ದಾಟುವ ತನಕ ಒಂದು ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದೆ. ಮೊದಲು ಬಂದಿದ್ದು ಮಲ್ಲಿಗೆ ವಾಸನೆ. ಆಮೇಲೆ ಕತ್ತಿ ಹಿಡಿದ ವೀರಕುಮಾರರು, "ಗೋವಿಂದಾ" ಅನ್ನುವ ಕೂಗು, ಅದರ ನಡುವೆ ಕರಗ. ನನ್ನ ಮುಂದೆ ದಾಟಿದ್ದು ಅರೆ ನಿಮಿಷ. ಅದಕ್ಕಾಗಿ ಐದು ಗಂಟೆ ಕಾದಿದ್ದೆ, ಇನ್ನೈದು ಗಂಟೆ ಬೇಕಾದರೂ ಕಾಯುತ್ತಿದ್ದೆ.

ಕನ್ಯಾಕುಮಾರಿ ಅಷ್ಟು ದಯೆ ತೋರಿಸಲಿಲ್ಲ. ಮೂಡಣದಲ್ಲಿ ಮಬ್ಬು. ಸೂರ್ಯ ಇಳಿದು ಹತ್ತು ನಿಮಿಷ ಆದ ಮೇಲೆ ಚಂದ್ರ ಕಾಣಿಸಿದ. ಪಕ್ಕದಲ್ಲಿ ಸುಂಡಲ್ ಮಾರುತ್ತಿದ್ದವರು ನನ್ನ ಮುಖ ನೋಡಿ, ಅರ್ಧ ತಮಿಳು ಅರ್ಧ ಕೈಸನ್ನೆಯಲ್ಲಿ ಸಮಾಧಾನ ಹೇಳಿದರು. ಸೂರ್ಯ ಆ ಕಡೆ ಇಳಿದರೆ ಚಂದ್ರ ಈ ಕಡೆ ಏಳುವುದು ಎಲ್ಲ ಹುಣ್ಣಿಮೆಯಲ್ಲೂ ಆಗುತ್ತದಂತೆ, ಅದಕ್ಕೇ ಅದು ಹುಣ್ಣಿಮೆಯಂತೆ. ಹೌದಲ್ವಾ! ಎರಡು ರಾತ್ರಿ ರೈಲಿನಲ್ಲಿ ಕೂತು ಬಂದು ಕಲಿತ ಪಾಠ. ಈಗ ಆಕಾಶ ತಿಳಿಯಾಗಿರುವ ಹುಣ್ಣಿಮೆಗೆ ಮನೆಯ ತಾರಸಿ ಹತ್ತುತ್ತೇನೆ. ಒಂದು ಕಡೆ ಎದುರು ಮನೆಯ ನೀರಿನ ಟ್ಯಾಂಕು ಅಡ್ಡ ಬರುತ್ತದೆ.

ಮುಂದಿನ ದೊಡ್ಡ ವರ್ಷ 2030. ಗೊಮ್ಮಟನೂ ಮುನ್ನಾರಿನ ಕುರಿಂಜಿಯೂ ಮತ್ತೆ ಒಟ್ಟಿಗೆ. ನನಗೆ 58, ಕೆಲಸದಲ್ಲೇ ಇರುತ್ತೇನೆ. ಫೆಬ್ರವರಿಗೆ ಮೂರು ದಿನ, ಸೆಪ್ಟೆಂಬರ್‌ಗೆ ಒಂದು ವಾರ. ಇ.ಎಲ್. (ಗಳಿಕೆ ರಜೆ) ಈಗಿನಿಂದಲೇ ಮುಟ್ಟದೆ ಇಟ್ಟಿದ್ದೇನೆ. ಮೊನ್ನೆ ಅಮ್ಮನಿಗೆ ಈ ವಿಷಯ ಹೇಳಿದೆ. ಆಗ ಅವಳಿಗೆ 84 ಆಗಿರುತ್ತದೆ. ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು:

"ಆ ಬೆಟ್ಟಕ್ಕೆ ಡೋಲಿ ಇದೆಯಲ್ವಾ? ಎಷ್ಟು ತಗೋತಾರೆ ಅಂತ ವಿಚಾರಿಸು."